ಗಲಾಟೆಯಿಲ್ಲದ ಮಂಟಪ

ಗಂಗಾವತಿಗೆ ಬಂದು ‘ಖುರ್ಷಿದಾ ಫ್ಲವರ್ ಡೆಕೋರೇಟರ್ಸ್’ ಎಲ್ಲಿದೆ ಎಂದು ಕೇಳಿದರೆ ಆಟೋದವರೂ ತಲೆ ಕೆರೆದುಕೊಳ್ಳುತ್ತಾರೆ. ‘ಸೆಹ್ರಾ ಶಬ್ಬೀರಸಾಬನ ಅಂಗಡಿ’ ಎಂದರೆ ಸಾಕು, ಚೌಕದ ಹಿಂದಿನ ಸಂದಿಗೆ ತಂದು ಇಳಿಸುತ್ತಾರೆ. ಶಬ್ಬೀರಸಾಬ ತೀರಿಕೊಂಡು ಒಂಬತ್ತು ವರ್ಷವಾಯಿತು. ಆರಡಿ ಉದ್ದದ ಫಲಕ ಬರೆಸಿ, ಅದಕ್ಕೆ ಗುಲಾಬಿ ಬಣ್ಣದ ದೀಪ ಹಾಕಿಸಿ, ಕೆಳಗೆ ಮೊಬೈಲ್ ನಂಬರನ್ನೂ ಬರೆಸಿದವಳು ಅವನ ಮಗಳು. ನಮ್ಮ ಊರಿನವರಿಗೆ ಫಲಕ ಓದುವ ರೂಢಿಯಿಲ್ಲ. ಖುರ್ಷಿದಾಳಿಗೆ ಇದರಿಂದ ಬೇಸರವಾಗುತ್ತದೆ, ಆದರೆ ಆಶ್ಚರ್ಯವಾಗುವುದಿಲ್ಲ.

ಸೆಹ್ರಾ ಎಂದರೆ ಮುಸ್ಲಿಮರ ಮದುವೆಯಲ್ಲಿ ಮದುಮಗನ ಮುಖದ ಮುಂದೆ ಇಳಿಬಿಡುವ ಹೂವಿನ ಪರದೆ. ಅದನ್ನು ಕಟ್ಟುವುದರಲ್ಲಿ ಶಬ್ಬೀರಸಾಬನನ್ನು ಸರಿಗಟ್ಟುವವರು ಸುತ್ತ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ಗಂಡುಮಕ್ಕಳು ಒಬ್ಬ ಗ್ಯಾರೇಜಿಗೆ, ಒಬ್ಬ ಮೊಬೈಲ್ ರಿಪೇರಿಗೆ ಎಂದು ಹೋದರು. ಏಳು ವರ್ಷದ ಖುರ್ಷಿದಾ ಅಪ್ಪನ ಪಕ್ಕದಲ್ಲಿ ಕೂತು ದಾರ ಹಿಡಿದಳು, ಹಿಡಿದ ದಾರ ಬಿಡಲಿಲ್ಲ. ಈಗ ಅವಳಿಗೆ ನಲವತ್ತೊಂದು. ಗಂಡ ರೆಹಮಾನ ಸಾಮಾನು ಸಾಗಿಸುವ ಗಾಡಿ ಓಡಿಸುತ್ತಾನೆ. ಮದುವೆಯ ಕಾಲದಲ್ಲಿ ಆ ಗಾಡಿಯ ತುಂಬ ಹೂವು, ಕಬ್ಬಿಣದ ಚೌಕಟ್ಟು, ಏಣಿ, ಒದ್ದೆ ಗೋಣಿಚೀಲ ಮತ್ತು ಹೂ ಕಟ್ಟುವ ಐದು ಜನ ಹೆಂಗಸರು.

ಹೂವಿನ ಕೆಲಸವೆಂದರೆ ಹೂವಿನಷ್ಟೇ ಹಗುರ ಎಂದು ತಿಳಿದವರು ಬಹಳ. ಅವರು ನೀರು ತುಂಬಿದ ಬಕೆಟ್ ಹಿಡಿದು ಏಣಿ ಹತ್ತಿದವರಲ್ಲ. ನಾಲ್ಕು ಮೊಬೈಲ್ ವಿಡಿಯೊ ನೋಡಿ ‘ಡಿಸೈನರ್’ ಎಂದು ಕಾರ್ಡು ಹೊಡೆಸಿದ ಹುಡುಗರು ಗಂಗಾವತಿಯಲ್ಲಿಯೇ ಏಳೆಂಟು ಮಂದಿ ಇದ್ದಾರೆ. ಅವರ ಮಂಟಪ ಬೆಳಿಗ್ಗೆ ಎಂಟಕ್ಕೆ ನಗುತ್ತದೆ, ಹತ್ತೂವರೆಗೆ ಕತ್ತು ಬಗ್ಗಿಸುತ್ತದೆ. ಖುರ್ಷಿದಾ ಗುಲಾಬಿಯ ದಳ ನೋಡುವುದಿಲ್ಲ, ಮೊಗ್ಗಿನ ಬುಡವನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಾಳೆ. ಗಟ್ಟಿಯಿದ್ದರೆ ಇವತ್ತಿನದು, ಮೆತ್ತಗಿದ್ದರೆ ಮೂರು ದಿನ ಐಸಿನಲ್ಲಿ ಮಲಗಿ ಬಂದದ್ದು. ಸೇವಂತಿಗೆಯಲ್ಲಿ ಹೂವಲ್ಲ, ಅದರ ಕೆಳಗಿನ ಎಲೆ ನಿಜ ಹೇಳುತ್ತದೆ. ಚೆಂಡು ಹೂವನ್ನು ಅಂಗೈಯಲ್ಲಿ ತೂಗುತ್ತಾಳೆ, ವ್ಯಾಪಾರದವರು ತೂಕಕ್ಕಾಗಿ ನೀರು ಕುಡಿಸಿರುತ್ತಾರೆ. ಕಡುಗೆಂಪು ಗುಲಾಬಿ ವಿಡಿಯೊ ಲೈಟಿನ ಕೆಳಗೆ ಕಪ್ಪಾಗಿ ಕಾಣುತ್ತದೆ ಎಂದು ಗೊತ್ತಾಗಲು ಅವಳಿಗೆ ಒಂದು ಮದುವೆ ಕೆಡಬೇಕಾಯಿತು. ಅಂದಿನಿಂದ ಪ್ರತಿ ಕೆಲಸಕ್ಕೂ ಮೊದಲು ಹೂಗಳನ್ನು ಅಂಗಡಿಯ ನೆಲದ ಮೇಲೆ ಹರಡಿ, ಒಮ್ಮೆ ಕಣ್ಣು ಕಿರಿದು ಮಾಡಿ, ಒಮ್ಮೆ ಮೊಬೈಲಿನಲ್ಲಿ ನೋಡುತ್ತಾಳೆ.

ಇಷ್ಟೆಲ್ಲ ಬಂದರೂ ಸಾಲದು. ಪೆಂಡಾಲಿನವನ ಕೂಡ, ಅಡುಗೆಯವನ ಕೂಡ, ಫೋಟೋದವನ ಕೂಡ ಜಗಳವಾಡದೆ ಒಂದೇ ಬಾಗಿಲಲ್ಲಿ ಓಡಾಡಲು ಬರಬೇಕು. ಬೀಗರಿಬ್ಬರು ಎರಡು ಬಣ್ಣ ಹೇಳಿದರೆ ಇಬ್ಬರಿಗೂ ತಮ್ಮದೇ ನಡೆಯಿತು ಎನ್ನಿಸುವಂತೆ ಕಟ್ಟಬೇಕು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬುದು ಈ ಕಸುಬಿಗೆ ಚೆನ್ನಾಗಿಯೇ ಒಪ್ಪುತ್ತದೆ. ಖುರ್ಷಿದಾಳಿಗೆ ಮಾತು ಬರುತ್ತಿತ್ತು. ಮಾತಿನ ಮೇಲೆ ಅವಳಿಗಿದ್ದ ನಂಬಿಕೆ ಸ್ವಲ್ಪ ಹೆಚ್ಚೇ ಆಗಿತ್ತು ಎನ್ನಬೇಕು.

ಹೂ ಕಟ್ಟುವ ಹೆಂಗಸರಲ್ಲಿ ಹಿರಿಯಳು ಗಾಳೆಮ್ಮ. ಐವತ್ತೈದು ದಾಟಿದವಳು, ಶಬ್ಬೀರಸಾಬನ ಕಾಲದಿಂದ ಇದ್ದವಳು, ಖುರ್ಷಿದಾಳನ್ನು ಲಂಗದಲ್ಲಿ ನೋಡಿದವಳು. ಆದ್ದರಿಂದ ಮಾಲಕಿಯನ್ನು ಹೆಸರು ಹಿಡಿದು ಕರೆಯುವ, ಬೇಕಾದಾಗ ಬಯ್ಯುವ ಹಕ್ಕು ಅವಳಿಗಿತ್ತು. ಹೂವಿನ ಕೂಡ ನಾರೂ ಸ್ವರ್ಗಕ್ಕೆ ಹೋಯಿತು ಎನ್ನುತ್ತಾರಲ್ಲ, ಗಾಳೆಮ್ಮ ಮತ್ತು ಅವಳ ಜೊತೆಯ ನಾಲ್ವರು ಆ ನಾರಿನ ಕಡೆಯವರು. ಮದುವೆಗಳಿರುವಷ್ಟು ದಿನ ಸ್ವರ್ಗಕ್ಕೆ ಹೋಗುತ್ತಾರೆ, ಆಷಾಢ ಬಂದರೆ ಇಳಿಯುತ್ತಾರೆ. ಇಳಿಯುವುದೆಂದರೆ ನಿಜವಾಗಿಯೂ ಇಳಿಯುವುದು. ಕಾಲುವೆಗೆ ನೀರು ಬಿಟ್ಟ ಕೂಡಲೇ ನವಲಿಯ ಗದ್ದೆಗಳಲ್ಲಿ ಭತ್ತದ ನಾಟಿ ಶುರುವಾಗುತ್ತದೆ, ಇವರು ಮೊಣಕಾಲು ಮಟ್ಟ ಕೆಸರಿಗೆ ಹೋಗುತ್ತಾರೆ.

ತಿಂಗಳೊಪ್ಪತ್ತು ಕೆಸರಿನಲ್ಲಿದ್ದ ಬೆರಳಿನ ಚರ್ಮ ಸುಲಿಯುತ್ತದೆ, ಉಗುರಿನ ಸಂದು ಹುಣ್ಣಾಗುತ್ತದೆ. ಶ್ರಾವಣದಲ್ಲಿ ಹೂ ಕಟ್ಟಲು ಬಂದಾಗ ದಾರ ಆ ಹುಣ್ಣಿಗೆ ಕೊಯ್ಯುತ್ತದೆ, ಮಲ್ಲಿಗೆಯ ಮೇಲೆ ಕಂದು ಕಲೆ ಬೀಳುತ್ತದೆ. ಬೆರಳು ಮತ್ತೆ ಹೂವಿಗೆ ಹೊಂದಿಕೊಳ್ಳುವ ಹೊತ್ತಿಗೆ ಶ್ರಾವಣ ಮುಗಿದಿರುತ್ತದೆ. ವರ್ಷವೂ ಇದೇ ಕಥೆ. ಈ ಸಲ ಯುಗಾದಿಯ ಮರುದಿನ ಖುರ್ಷಿದಾ ಐದು ಜನರ ಮುಂದೆ ಮಾತು ಕೊಟ್ಟಿದ್ದಳು: “ಈ ವರ್ಸ ನಿಮ್ಮನ್ನ ಕೆಸರಿಗಿ ಕಳಸಂಗಿಲ್ಲ. ವರ್ಸಪೂರ್ತಿ ಕೆಲಸ ಕೊಡ್ತೀನಿ, ನೋಡ್ರಿ ಬೇಕಾದ್ರ.”

ಆ ಮಾತಿನ ಹಿಂದೆ ಇದ್ದದ್ದು ಕೊಪ್ಪಳದ ಕೊಟ್ರೇಶ. ಅವನು ಕೊಪ್ಪಳದ ಹೊರಗೆ ಹೊಸ ಕಲ್ಯಾಣ ಮಂಟಪ ಕಟ್ಟಿಸಿದ್ದ. ಎಂಟುನೂರು ಕುರ್ಚಿ, ಹವಾನಿಯಂತ್ರಣ, ಎರಡು ಮಹಡಿ. ಅಂಥ ಜಾಗಕ್ಕೆ ಮದುವೆಯೇ ಆಗಬೇಕೆಂದಿಲ್ಲ. ಹೆಸರಿಡುವುದು, ಹುಟ್ಟುಹಬ್ಬ, ನಿವೃತ್ತಿಯ ಸನ್ಮಾನ, ಕಂಪನಿಯವರ ಸಭೆ, ಎಲ್ಲವೂ ಬರುತ್ತವೆ, ಆಷಾಢದಲ್ಲಿಯೂ ಬರುತ್ತವೆ. ಅಲ್ಲಿನ ಕಾಯಂ ಹೂವಿನ ಕೆಲಸ ಸಿಕ್ಕರೆ ಐದು ಜನಕ್ಕೆ ಹನ್ನೆರಡು ತಿಂಗಳು ಅನ್ನ. ಹೊಸಪೇಟೆಯ ಒಂದು ದೊಡ್ಡ ಡೆಕೋರೇಷನ್ ಕಂಪನಿಯೂ ಅದಕ್ಕೆ ಬಾಯಿ ಬಿಟ್ಟು ಕೂತಿತ್ತು.

ಕೊಟ್ರೇಶ ಖುರ್ಷಿದಾಳನ್ನು ಕರೆಸಿ ಹೇಳಿದ: “ಖುರ್ಷಿದಾಬೀ, ಮೊದಲನೇ ಮದುವಿ ನಮ್ಮ ಯಲಬುರ್ಗಾದ ಹುಲಿಗೆಪ್ಪನ ಮಗಳದು. ನಾವಿಬ್ರೂ ಒಂದ ಸಾಲ್ಯಾಗ ಕಲ್ತವ್ರು. ಅಂವ ರೇಲ್ವೆದಾಗ ನೌಕರಿ ಅಂತ ಮೈಸೂರಿಗಿ ಹೋಗಿ ಅಲ್ಲೇ ಉಳಿದ. ಮದುವಿ ಮಾತ್ರ ನಮ್ಮೂರ ಕಡೆ ಮಾಡ್ತಾರ. ಮಂಟಪ ಹೆಂಗಿರಬೇಕಂದ್ರ, ಫೋಟೋ ನೋಡಿದವ್ರು ಬುಕಿಂಗ್ ಮಾಡಬೇಕು. ನೀ ಇದನ್ನ ಎತ್ತಿದ್ರ ಕಾಯಂ ಕೆಲಸ ನಿಂದ.”

“ಆತ್ರಿ ಸಾವ್ಕಾರ್ರ,” ಎಂದಳು ಖುರ್ಷಿದಾ. ಹುಲಿಗೆಪ್ಪನ ಹೆಂಡತಿ ದುರ್ಗಾದೇವಿಯ ನಂಬರು ತೆಗೆದುಕೊಂಡು ಬಂದಳು.

ಶಬ್ಬೀರಸಾಬನಿಗೆ ಒಂದು ಪದ್ಧತಿಯಿತ್ತು. ಹೂ ಕೇಳಲು ಬಂದವರನ್ನು ಕೂರಿಸಿ ಚಹಾ ತರಿಸುತ್ತಿದ್ದ. ಮನೆಯಲ್ಲಿ ಎಷ್ಟು ಜನ, ಹಿರಿಯರು ಹೇಗಿದ್ದಾರೆ, ಈಚೆಗೆ ಶುಭ ಏನಾಯಿತು, ಅಶುಭ ಏನಾಯಿತು ಎಂದು ವಿಚಾರಿಸುತ್ತಿದ್ದ. ಹೂವಿನ ಮಾತು ಬರುವ ಹೊತ್ತಿಗೆ ಚಹಾದ ಕಪ್ಪು ಒಣಗಿರುತ್ತಿತ್ತು. ಅವನ ಕಾಲದಲ್ಲಿ ದಿನಕ್ಕೆ ಒಂದು ಗಿರಾಕಿ. ಖುರ್ಷಿದಾಳ ಕಾಲದಲ್ಲಿ ಗಿರಾಕಿ ಫೋನಿನಲ್ಲಿ ಬರುತ್ತಾನೆ, ಫೋಟೋ ಕಳಿಸುತ್ತಾನೆ, ‘ಸೇಮ್ ಹೀಗೇ’ ಎನ್ನುತ್ತಾನೆ. ಚಹಾ ಯಾರಿಗೆ ಕುಡಿಸುವುದು?

ದುರ್ಗಾದೇವಿಯ ಫೋನು ಬಂದಾಗ ಖುರ್ಷಿದಾ ಕುಷ್ಟಗಿಯ ಒಂದು ನಿಶ್ಚಿತಾರ್ಥದ ಮನೆಯಲ್ಲಿ ಏಣಿಯ ಮೇಲಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ, ಫೋನು ಕಿವಿಗೂ ಭುಜಕ್ಕೂ ನಡುವೆ.

“ಕೊಟ್ರೇಶ್ ಅವರು ನಿಮ್ಮ ಬಗ್ಗೆ ತುಂಬಾ ಹೇಳಿದ್ರು,” ಎಂದಿತು ಆ ಕಡೆಯ ಮೆಲುದನಿ. “ಹೂವು ಯಾವುದು, ಎಷ್ಟು, ನೀವೇ ನೋಡಿ ಹಾಕಿ. ನಂದು ಒಂದೇ ಮಾತು. ಗಲಾಟೆ ಬೇಡ.”

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಕಡೆ ಗಲಾಟೆ ಎಂದರೆ ಗದ್ದಲವೂ ಹೌದು, ಒಂದು ಹೂವೂ ಹೌದು. ನಡುವೆ ಕೆಂಪು, ಅಂಚಿಗೆ ಹಳದಿ, ಎರಡು ದಿನವಾದರೂ ಬಾಡದ ಗಟ್ಟಿ ಜೀವದ ಹೂವು. ಇರಕಲ್ಲಗಡದ ಹೊಲಗಳಿಂದ ಚೀಲಗಟ್ಟಲೆ ಬರುತ್ತದೆ. ಆ ಹೆಸರು ಯಾರು ಇಟ್ಟರೋ ಗೊತ್ತಿಲ್ಲ. ಹೂವಿನವರ ಬಾಯಲ್ಲಿ ದಿನಕ್ಕೆ ನೂರು ಸಲ ಗಲಾಟೆ ಬರುತ್ತದೆ, ನೂರಕ್ಕೆ ತೊಂಬತ್ತೊಂಬತ್ತು ಸಲ ಅದು ಹೂವೇ ಆಗಿರುತ್ತದೆ.

ಖುರ್ಷಿದಾ ಸೂಜಿಗಳನ್ನು ಬಾಯಿಂದ ತೆಗೆದಳು. “ಬ್ಯಾಡೇನ್ರಿ? ಆತ್ರಿ ಅಕ್ಕಾರ, ಗಲಾಟಿ ಒಂದೂ ಹಾಕಂಗಿಲ್ರಿ.”

ಗಲಾಟೆ ಹಾಕುವುದು ಎಂಬ ಮಾತು ದುರ್ಗಾದೇವಿಗೆ ವಿಚಿತ್ರವಾಗಿ ಕೇಳಿಸಿರಬೇಕು. ಗಂಡನ ಊರಿನವರ ಕನ್ನಡ ಹೀಗೇ ಇರುತ್ತದೆ ಎಂದುಕೊಂಡು ಆಕೆ “ಸರಿಯಮ್ಮಾ, ಥ್ಯಾಂಕ್ಸ್,” ಎಂದು ಇಟ್ಟುಬಿಟ್ಟರು. ಇಬ್ಬರಿಗೂ ತಮ್ಮ ಮಾತು ತಲುಪಿತೆಂಬ ಸಮಾಧಾನ.

ಗಾಳೆಮ್ಮನಿಗೆ ಮಾತ್ರ ಇದು ಸೇರಲಿಲ್ಲ. “ಗಲಾಟಿ ಬ್ಯಾಡ ಅಂದ್ರಾ? ಇಂಥಾ ಬಿಸಲಾಗ ಅದನ್ನ ಬಿಟ್ರ ಯಾ ಹೂ ನಿಲ್ತೈತಿ? ತಿರುಗಿ ಒಂದ ಮಾತು ಕೇಳ.”

“ಮೈಸೂರಿನವ್ರು ಗಾಳೆವ್ವಾ. ಅವ್ರಿಗಿ ಅದು ಬಡವರ ಹೂ ಅನಿಸಿರಬೇಕು. ಕೇಳಿದ್ರ ಕೆಲಸ ಬರಂಗಿಲ್ಲ ಅನ್ಕೋತಾರ.”

ಕೆಲಸ ಬಲ್ಲವಳು ಎಂಬ ಹೆಸರು ಇಂಥ ಕಡೆಯೇ ಕಾಲು ಎಳೆಯುತ್ತದೆ. ಹೊಸಬಳಾಗಿದ್ದರೆ ಕೇಳುತ್ತಿದ್ದಳು.

ಅಗ್ಗದ ಗಟ್ಟಿ ಹೂವು ಬೇಡವೆಂದ ಮೇಲೆ ಗಿರಾಕಿ ದೊಡ್ಡ ಕುಳ ಎಂದು ಖುರ್ಷಿದಾ ತೀರ್ಮಾನಿಸಿದಳು. ಬೆಂಗಳೂರಿನ ಬಸ್ಸಿಗೆ ಕೆಂಪು ಗುಲಾಬಿ ತರಿಸಿದಳು. ನೇರಳೆ ಬಣ್ಣದ ಆರ್ಕಿಡ್, ಹಳದಿ ಸೇವಂತಿಗೆ, ಕಿತ್ತಳೆ ಚೆಂಡು ಹೂ, ಗುಲಾಬಿ ಬಣ್ಣದ ಜರ್ಬೆರಾ ಬಂದವು. ಮಂಟಪದ ಹಿಂದೆ ಇಪ್ಪತ್ತಡಿ ಅಗಲದ ಹೂವಿನ ಗೋಡೆ, ನಡುವೆ ನವಿಲು, ನವಿಲಿನ ಗರಿಯಲ್ಲಿ ನಾಲ್ಕು ಬಣ್ಣ. ಕಾಗದದ ಮೇಲೆ ಬಿಡಿಸಿ ಕಳಿಸಿದ ಚಿತ್ರ ನೋಡಿ ಕೊಟ್ರೇಶ ಫೋನು ಮಾಡಿ, “ಹಿಂಗ ಹೊಡಿಬೇಕು ನೋಡು ಕಣ್ಣಿಗಿ!” ಎಂದ. ಚಿತ್ರವನ್ನು ದುರ್ಗಾದೇವಿಗೂ ಕಳಿಸಬೇಕಿತ್ತು. ಕೊಟ್ರೇಶ ಒಪ್ಪಿದ ಮೇಲೆ ಮುಗಿಯಿತು ಎಂದು ಅವಳು ಕಳಿಸಲಿಲ್ಲ.

ಮೇ ತಿಂಗಳ ಕೊನೆಯ ವಾರ ಮದುವೆ. ನಸುಕಿನಲ್ಲಿ ಶುರುಮಾಡಿದ ಕೆಲಸ ಏಳು ಗಂಟೆಗೆ ಮುಗಿಯಿತು. ಹನ್ನೊಂದೂವರೆಗೆ ಅಕ್ಕಿಕಾಳಿನ ಮುಹೂರ್ತ. ಖುರ್ಷಿದಾ ಸಭಾಂಗಣದ ಕೊನೆಯ ಸಾಲಿಗೆ ಹೋಗಿ ನಿಂತು, ಕಣ್ಣು ಕಿರಿದು ಮಾಡಿ ನೋಡಿದಳು. ನವಿಲು ಕುಣಿಯುತ್ತಿತ್ತು. ಅಷ್ಟು ದೊಡ್ಡ ಕೆಲಸವನ್ನು ಅವಳು ಅದುವರೆಗೆ ಮಾಡಿರಲಿಲ್ಲ. ಹೊಸಪೇಟೆಯವರು ಬಂದು ನೋಡಲಿ ಎಂಬ ಸೊಕ್ಕೂ ಒಂದು ಚೂರು ಬಂತು. ಕೊಟ್ರೇಶ ಆಗಲೇ ಫೋಟೋದವನನ್ನು ಕರೆತಂದು ಎಲ್ಲೆಲ್ಲಿ ನಿಂತು ತೆಗೆಯಬೇಕು ಎಂದು ತೋರಿಸುತ್ತಿದ್ದ.

ಆಗ ದುರ್ಗಾದೇವಿ ಒಳಗೆ ಬಂದರು. ಹೂವಿನ ಕಸುಬಿನವರು ಹೆಂಗಸರ ಮುಖಕ್ಕಿಂತ ಮೊದಲು ಮುಡಿ ನೋಡುತ್ತಾರೆ, ಅದು ಅವರ ಚಾಳಿ. ಮದುಮಗಳ ತಾಯಿ, ಮದುವೆಯ ಬೆಳಿಗ್ಗೆ, ಮುಡಿಯಲ್ಲಿ ಒಂದು ಎಸಳು ಹೂವಿರಲಿಲ್ಲ. ತಿಳಿ ಬಣ್ಣದ ಸೀರೆ, ಬರಿಗೊರಳು.

ದುರ್ಗಾದೇವಿ ಮಂಟಪದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ತಿರುಗಿ, ಸಿಟ್ಟಿಲ್ಲದ ದನಿಯಲ್ಲಿ, “ನಾನು ಗಲಾಟೆ ಬೇಡ ಅಂದಿದ್ದೆನಲ್ಲಮ್ಮಾ?” ಎಂದರು.

“ಒಂದೂ ಹಾಕಿಲ್ರಿ ಅಕ್ಕಾರ,” ಎಂದುಬಿಟ್ಟಳು ಖುರ್ಷಿದಾ. “ಬೇಕಾದ್ರ ಹುಡುಕಿ ನೋಡ್ರಿ.”

ಹೇಳಿ ಮುಗಿಸುವಷ್ಟರಲ್ಲಿ ತಾನು ಏನು ಹೇಳಿದೆ ಎಂದು ಅವಳಿಗೇ ತಿಳಿಯಿತು. ಗಾಳೆಮ್ಮ ಕೆಳಗೆ ಬಿದ್ದ ಎಸಳು ಗುಡಿಸುವವಳಂತೆ ತಲೆ ತಗ್ಗಿಸಿದಳು. ಹೂವಿನ ಹೆಸರು, ಫೋನು, ಏಣಿ ಎಲ್ಲವನ್ನೂ ಖುರ್ಷಿದಾ ತಡವರಿಸುತ್ತ ಹೇಳಿದಳು. ದುರ್ಗಾದೇವಿಯ ತುಟಿ ಒಂದು ಕಡೆ ಸ್ವಲ್ಪ ನಕ್ಕಿತು, ಅಲ್ಲಿಗೇ ನಿಂತಿತು.

“ಅವರು ಹೋಗಿ ಎಂಟು ತಿಂಗಳಾಯ್ತು,” ಎಂದರು. “ವರ್ಷದೊಳಗೆ ಮಾಡಬೇಕು, ಇಲ್ಲದಿದ್ರೆ ಮೂರು ವರ್ಷ ಕಾಯಬೇಕು ಅಂದ್ರು ಹಿರಿಯರು. ಅಪ್ಪ ಇಲ್ಲದ ಮದುವೆಗೆ ಇಷ್ಟೆಲ್ಲಾ ಯಾಕೆ ಅಂತ ಮಗಳು ಅಳ್ತಾನೇ ಇದ್ದಾಳೆ. ಗಲಾಟೆ ಇರಲ್ಲ, ನಾಲ್ಕು ಹೂವು, ನಾಲ್ಕು ಜನ ಅಂತ ಹೇಳಿ ಒಪ್ಪಿಸಿ ಕರ್ಕೊಂಡು ಬಂದಿದೀನಿ.” ಮತ್ತೊಮ್ಮೆ ನವಿಲಿನ ಕಡೆ ನೋಡಿದರು. “ಇರಲಿ ಬಿಡಿ. ನಿಮ್ಮ ತಪ್ಪೂ ಅಲ್ಲ. ಈಗ ಏನು ಮಾಡೋಕಾಗುತ್ತೆ?” ಎಂದು ಮಗಳು ಇದ್ದ ಕೋಣೆಯ ಕಡೆ ಹೋದರು.

ಕೊಟ್ರೇಶನಿಗೆ ಗೆಳೆಯ ಸತ್ತದ್ದು ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವುದನ್ನು ಹೇಳುವುದೇನು ಎಂದು ಅವನು ಹೇಳಿರಲಿಲ್ಲ. ಗೆಳೆಯನ ಮಗಳ ಮದುವೆ ಕಡಿಮೆಯಾಗಬಾರದು ಎಂಬ ಅಭಿಮಾನವೂ ಅವನಿಗೆ ನಿಜವಾಗಿಯೇ ಇತ್ತು. ಅದರ ಮಗ್ಗುಲಲ್ಲೇ ಫೋಟೋದ ಚಿಂತೆಯೂ ಇತ್ತು. ಖುರ್ಷಿದಾ ಗೋಡೆಯ ಕಡೆ ನೋಡುವ ರೀತಿ ಕಂಡು ಅವನು ಹತ್ತಿರ ಬಂದ.

“ಮುಟ್ಟಬ್ಯಾಡ. ಅಕ್ಕಾರಿಗಿ ನಾ ಹೇಳ್ತೀನಿ. ಅವ್ರ ಇರಲಿ ಅಂದಾರಲ್ಲ? ಈ ನವಿಲು ನಂಗ ಬೋರ್ಡಿನ ಮ್ಯಾಲ ಬೇಕು. ಕಾಯಂ ಕೆಲಸದ ಕಾಗದ ನಾಳೆ ಬಂದು ತಗೊಂಡು ಹೋಗ.”

ಎಲ್ಲವೂ ಅವಳ ಕಡೆಗಿತ್ತು. ಗಿರಾಕಿ ಇರಲಿ ಎಂದಿದ್ದರು, ಮಾಲಕ ಮುಟ್ಟಬೇಡ ಎಂದಿದ್ದ. ಖುರ್ಷಿದಾ ಸಂತಳಲ್ಲ. ಮೊದಲು ಅವಳಿಗೆ ದುರ್ಗಾದೇವಿಯ ಮೇಲೆಯೇ ಸಿಟ್ಟು ಬಂತು, ಮನೆಯಲ್ಲಿ ಸಾವಾಗಿದೆ ಎಂದು ಬಾಯಿಬಿಟ್ಟು ಹೇಳಲು ಏನು ಧಾಡಿಯಾಗಿತ್ತು ಎಂದು. ಆಮೇಲೆ ಕೇಳದ ತನ್ನ ಮೇಲೆ ಬಂತು. ಐದು ಜನ ಹೆಂಗಸರು ಮಂಟಪದ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಅವರ ಬೆರಳುಗಳು ಮೇ ತಿಂಗಳ ಬೆರಳುಗಳು, ನುಣುಪಾಗಿದ್ದವು. ಅವನ್ನು ನೋಡಿದಾಗ ಸುಮ್ಮನಿರುವುದೇ ನ್ಯಾಯ ಎನ್ನಿಸಿತು. ಕೋಣೆಯ ಬಾಗಿಲ ಕಡೆ ನೋಡಿದಾಗ ಹಾಗೆ ಅನ್ನಿಸಲಿಲ್ಲ. ಎಂಟು ಗಂಟೆಯಾಗಲು ಹತ್ತು ನಿಮಿಷವಿತ್ತು.

“ಗಾಳೆವ್ವಾ, ಏಣಿ ತಾ,” ಎಂದಳು. “ತೆಗಿಯೂಣು.”

“ಯಾವುದು?”

“ನವಿಲು. ಕೆಂಪು, ನೇರಳೆ, ಹಳದಿ, ಎಲ್ಲಾ.”

ಗಾಳೆಮ್ಮ ಅವಳ ಮುಖ ನೋಡಿದಳು, ಕೊಟ್ರೇಶನ ಮುಖ ನೋಡಿದಳು, ಚಹಾದ ಕಪ್ಪು ಕೆಳಗಿಟ್ಟು ಏಣಿ ತಂದಳು.

ಕಟ್ಟುವುದನ್ನು ಕಲಿಸುವವರು ಬಹಳ, ಬಿಚ್ಚುವುದನ್ನು ಯಾರೂ ಕಲಿಸುವುದಿಲ್ಲ. ಮೇಲಿನಿಂದ ಎಳೆದರೆ ಹಿಂದಿನ ಬಟ್ಟೆ ಹರಿಯುತ್ತದೆ, ನಡುವಿನಿಂದ ತೆಗೆದರೆ ಉಳಿದದ್ದು ಕುಸಿಯುತ್ತದೆ. ಕೆಳಗಿನ ಅಂಚಿನಿಂದ, ಒಂದೊಂದೇ ಸಾಲು, ಕಟ್ಟಿದ ಕ್ರಮಕ್ಕೆ ಉಲ್ಟಾ ಬರಬೇಕು. ಖುರ್ಷಿದಾ ಏಣಿಯ ಒಂದೊಂದೇ ಮೆಟ್ಟಿಲು ಏರುತ್ತ ತಂತಿ ಕತ್ತರಿಸಿದಳು, ಕೆಳಗೆ ಐವರು ಸೆರಗು ಹಿಡಿದವರಂತೆ ಗೋಣಿ ಹಿಡಿದರು. ಒಂದು ಗಂಟೆಯಲ್ಲಿ ನವಿಲು ಹೋಯಿತು. ಹೂವು ಚುಚ್ಚಿದ ಸ್ಪಂಜು ಮತ್ತು ಕಬ್ಬಿಣದ ಚೌಕಟ್ಟು ಹಲ್ಲು ಕಿರಿದು ನಿಂತವು. ಅವನ್ನು ಮುಚ್ಚಲು ರೆಹಮಾನ ಗಾಡಿ ಓಡಿಸಿಕೊಂಡು ಹೋಗಿ ಮಾವಿನ ಎಲೆ, ಬಾಳೆಕಂಬ, ಎರಡು ಹೊರೆ ಮರುಗ ತಂದ.

ಹಸಿರಿನ ಮೇಲೆ, ಬುಟ್ಟಿಯಲ್ಲಿ ಉಳಿದಿದ್ದ ಮಲ್ಲಿಗೆಯ ಸರಗಳನ್ನು ದೂರ ದೂರ ಇಳಿಬಿಟ್ಟರು. ಆಗ ಇನ್ನೊಂದು ತೊಡಕು ಬಂತು. ಬರಿಯ ಬಿಳಿ ಮತ್ತು ಹಸಿರು ಉಳಿದರೆ ಅದು ಮದುವೆಯ ಮಂಟಪವಲ್ಲ, ಹೆಣವನ್ನು ಕೂರಿಸಿ ಮಣ್ಣಿಗೆ ಒಯ್ಯುವ ಹೂವಿನ ವಿಮಾನ. ಈ ಮನೆಯವರ ಕಣ್ಣಿಗೆ ಅದು ಇನ್ನೂ ಹಸಿಯಾಗಿದೆ. ಬಣ್ಣ ಬೇಕು, ಆದರೆ ಕೂಗಬಾರದು. ಖುರ್ಷಿದಾ ಕೆಳಗಿಳಿದು ಬುಟ್ಟಿಗಳನ್ನೆಲ್ಲ ಕೆದಕಿದಳು. ಬಂದ ಹೆಂಗಸರ ಮುಡಿಗೆ ಹಂಚಲೆಂದು ಕಟ್ಟಿಟ್ಟ ಅಬ್ಬಲಿಗೆಯ, ಅಂದರೆ ಕನಕಾಂಬರದ, ಮಾಲೆಗಳು ಒದ್ದೆ ಬಟ್ಟೆಯ ಕೆಳಗೆ ಇದ್ದವು, ಮಾಗಿದ ಹಣ್ಣಿನ ಬಣ್ಣದವು.

“ಅವನ್ನ ತಗೊಂಡ್ರ ಬೀಗತೇರಿಗಿ ಏನ್ ಕೊಡೂದು?” ಎಂದಳು ಗಾಳೆಮ್ಮ.

“ಕೆಂಪು ಗುಲಾಬಿ ರಾಶಿ ಬಿದ್ದಾವಲ್ಲ, ಒಂದೊಂದು ಕೊಡ. ಖುಷಿ ಆಗ್ತಾರ.”

ಮಂಟಪದ ಮೇಲಂಚಿಗೆ ಒಂದೇ ಒಂದು ಎಳೆ ಅಬ್ಬಲಿಗೆ ಓಡಿತು, ಸೀರೆಯ ಅಂಚಿನಂತೆ. ಮದುಮಕ್ಕಳು ಕೂರುವ ಮಣೆಯ ಸುತ್ತ ಇನ್ನೊಂದು ಎಳೆ. ಹನ್ನೊಂದಕ್ಕೆ ಏಣಿ ಹೊರಗೆ ಹೋಯಿತು. ಮೂರು ಗಂಟೆ ಕಾಲ ಕೊಟ್ರೇಶ ಒಂದೇ ಒಂದು ಮಾತೂ ಆಡಿರಲಿಲ್ಲ. ಅವನು ಬಯ್ದಿದ್ದರೆ ಖುರ್ಷಿದಾಳಿಗೆ ಧೈರ್ಯ ಬರುತ್ತಿತ್ತು.

ಮದುಮಗಳನ್ನು ಕರೆತಂದರು. ಅವಳು ಬಾಗಿಲಲ್ಲಿ ತಲೆ ಎತ್ತಿ ನೋಡಿದಳು, ಮರುಗದ ವಾಸನೆಗೆ ಒಮ್ಮೆ ಉಸಿರೆಳೆದುಕೊಂಡಳು, ಬಂದು ಮಣೆಯ ಮೇಲೆ ಕೂತಳು. ಅಷ್ಟೇ. ದುರ್ಗಾದೇವಿ ಮುಂದಿನ ಕುರ್ಚಿಯಲ್ಲಿ ಕೂತರು. ಖುರ್ಷಿದಾ ಕಂಬದ ಮರೆಯಿಂದ ಆಕೆಯ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣು ಮಂಟಪದ ಮೇಲೆ ಎಲ್ಲಿಯೂ ನಿಲ್ಲಲಿಲ್ಲ, ನೇರ ಹೋಗಿ ಮಗಳ ಮುಖದ ಮೇಲೆ ಕೂತಿತು, ಅಕ್ಕಿಕಾಳು ಬೀಳುವವರೆಗೆ ಅಲ್ಲಿಂದ ಕದಲಲಿಲ್ಲ. ಹೂವು ಕಾಣದಂತೆ ಹೂವು ಕಟ್ಟಿದ್ದು ಖುರ್ಷಿದಾಳಿಗೆ ಅದೇ ಮೊದಲು. ಅವಳಿಗೆ ಸಂತೋಷವಾಯಿತು. ಫೋಟೋದವನು ಮಾತ್ರ ಕ್ಯಾಮರಾ ಇಳಿಸಿ, “ಹಿಂದ ಏನೂ ಇಲ್ಲಲ್ರಿ ಸಾವ್ಕಾರ್ರ,” ಎಂದು ಕೊಟ್ರೇಶನಿಗೆ ಹೇಳಿದ್ದು ಕೇಳಿಸಿತು.

ಹತ್ತು ದಿನ ಕೊಟ್ರೇಶ ಫೋನು ಮಾಡಲಿಲ್ಲ. ಹನ್ನೊಂದನೆಯ ದಿನ ಮಾಡಿದ. ಒರಟಾಗಿ ಮಾತಾಡಲಿಲ್ಲ, ಅದನ್ನು ಒಪ್ಪಬೇಕು.

“ಖುರ್ಷಿದಾಬೀ, ಹುಲಿಗೆಪ್ಪನ ಮನಿಯವ್ರು ನಿನ್ನ ಭಾಳ ನೆನಿಸಿದ್ರು. ನೀ ಕೆಲಸಗಾರ್ತಿ ಛಲೋ ಅದಿ, ಇಲ್ಲ ಅನ್ನಂಗಿಲ್ಲ. ಆದ್ರ ನಂಗ ಹೇಳಿದ್ದು ಕೇಳೋರು ಬೇಕು. ಹೊಸಪೇಟಿಯವ್ರಿಗಿ ಕೊಟ್ಟೀನಿ.”

“ಆತ್ರಿ ಸಾವ್ಕಾರ್ರ,” ಎಂದಳು ಖುರ್ಷಿದಾ.

ಹೆಂಗಸರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಮರುದಿನ ಬೆಳಿಗ್ಗೆ ಐವರೂ ಅಂಗಡಿಯಲ್ಲಿ ಸಾಲಾಗಿ ಕೂತು ಯಾವುದೋ ಸನ್ಮಾನದ ಹಾರ ಕಟ್ಟುತ್ತಿದ್ದಾಗ ಹೇಳಿದಳು. ನಾಲ್ವರು ತಲೆ ತಗ್ಗಿಸಿ ಕಟ್ಟುತ್ತಲೇ ಇದ್ದರು. ಗಾಳೆಮ್ಮ ದಾರ ಹಲ್ಲಿನಿಂದ ಕಡಿದು ಕೆಳಗಿಟ್ಟಳು.

“ಆ ಹುಡುಗಿ ಮುಖ ನಾನೂ ನೋಡೀನಿ. ನೀ ಮಾಡಿದ್ದು ತಪ್ಪಲ್ಲ,” ಎಂದಳು. “ಆದ್ರ ಖುರ್ಷಿದಾ, ಛಲೋ ಆದಾಕಿ ನೀ, ಕೆಸರಿಗಿ ಹೋಗೋರು ನಾವು. ಏಣಿ ತಾ ಅಂದಿ, ತಂದೆ. ತರೂದಕ್ಕ ಮೊದ್ಲು ನಮ್ಮನ್ನೂ ಒಂದ ಮಾತು ಕೇಳಿದ್ರ ಏನಾಗ್ತಿತ್ತು? ಬ್ಯಾಡ ಅಂತಿದ್ವೇನು?”

ಮದುವೆಯ ಬೆಳಿಗ್ಗೆ ಖುರ್ಷಿದಾ ಮೆಟ್ಟಿಲ ಮೇಲಿನ ಐದು ಜನರ ಬೆರಳು ನೋಡಿದ್ದಳು, ಕೋಣೆಯ ಬಾಗಿಲು ನೋಡಿದ್ದಳು, ಅಳೆದು ತೂಗಿ ತಾನೇ ನಿರ್ಧಾರ ಮಾಡಿದ್ದಳು. ಆ ಬೆರಳಿನವರಿಗೆ ಬಾಯಿಯೂ ಇದೆ ಎಂದು ಅವಳಿಗೆ ಹೊಳೆದಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಒಂದೇ ತಿಂಗಳಲ್ಲಿ ಎರಡು ಸಲ, ಕೇಳಬೇಕಾದವರನ್ನು ಕೇಳದೆ ಹೋಗಿದ್ದಳು.

ಜುಲೈಯಲ್ಲಿ ಕಾಲುವೆಗೆ ನೀರು ಬಂತು. ನವಲಿಯ ಗದ್ದೆಯವನು ಆಳು ಬೇಕೆಂದು ಹೇಳಿಕಳಿಸಿದ. ನಾಟಿಯ ಮೊದಲ ದಿನ ಬೆಳಿಗ್ಗೆ ಐವರೂ ಟೇಪು ಸುತ್ತಿದ ಬೆರಳು, ಮೊಣಕಾಲಿಗೆ ಎತ್ತಿ ಕಟ್ಟಿದ ಸೀರೆಯಲ್ಲಿ ರಸ್ತೆಗೆ ಬಂದಾಗ ರೆಹಮಾನನ ಗಾಡಿ ನಿಂತಿತ್ತು. ಹಿಂದೆ ಖುರ್ಷಿದಾ ಕೂತಿದ್ದಳು. ಹಳೆಯ ಚೂಡಿದಾರ, ತಲೆಗೆ ಓಢಣಿ ಬಿಗಿದು ಕಟ್ಟಿದ್ದಳು.

“ನೀ ಎಲ್ಲಿಗಿ?” ಎಂದಳು ಗಾಳೆಮ್ಮ.

“ನೆಲ್ಲು ಹಚ್ಚಾಕ. ಕರ್ಕೊಂಡು ಹೋಗ್ತೀರೇನು? ಕೇಳಾಕತ್ತೀನಿ.”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಗಾಳೆಮ್ಮ ನಗಲಿಲ್ಲ, ಗಾಡಿ ಹತ್ತಿ ಅವಳ ಪಕ್ಕದಲ್ಲಿ ಕೂತಳು.

ಗದ್ದೆಯಲ್ಲಿ ಖುರ್ಷಿದಾಳ ಕೌಶಲವೆಲ್ಲ ಅರ್ಧ ಗಂಟೆಯಲ್ಲಿ ಬಯಲಾಯಿತು. ಬಗ್ಗಿ, ಹಿಂದಕ್ಕೆ ಹೆಜ್ಜೆಯಿಡುತ್ತ ಹಚ್ಚಬೇಕು. ಅವಳು ಎರಡು ಸಲ ಕೂತೇಬಿಟ್ಟಳು. ಉಳಿದವರ ಸಾಲು ದಾರ ಹಿಡಿದಂತೆ ನೆಟ್ಟಗೆ ಹೋದರೆ ಅವಳದು ಹಾವು ಹರಿದಂತೆ ಹೋಯಿತು. “ಏನ್ ಡಿಸೈನ್ ಇದು ಅಕ್ಕಾ?” ಎಂದು ಒಬ್ಬಳು ಕೇಳಿದಾಗ ಇಡೀ ಗದ್ದೆ ನಕ್ಕಿತು, ಖುರ್ಷಿದಾಳೂ ನಕ್ಕಳು. ಆಮೇಲೆ ಹಲ್ಲು ಕಚ್ಚಿ ಒಂದು ಸಾಲನ್ನು ಸಾಧ್ಯವಾದಷ್ಟು ನೆಟ್ಟಗೆ ಹಚ್ಚಿದಳು.

ಸೊಂಟ ನೆಟ್ಟಗೆ ಮಾಡಿ ನೋಡಿದರೆ ಗಾಳೆಮ್ಮ ಆ ಸಾಲಿನ ಸಸಿಗಳನ್ನೇ ಒಂದೊಂದಾಗಿ ಕಿತ್ತು ಮತ್ತೆ ಹಚ್ಚುತ್ತ ಬರುತ್ತಿದ್ದಳು.

“ಈಗ ನೆಟ್ಟಗ ಐತೆಲ್ಲ ಗಾಳೆವ್ವಾ! ಯಾಕ ಕೀಳ್ತಿ?”

“ಸಾಲು ನೆಟ್ಟಗ ಐತಿ. ಆಳ ಭಾಳ ಆಗೈತಿ,” ಎಂದಳು ಗಾಳೆಮ್ಮ, ತಲೆ ಎತ್ತದೆ. “ನೀ ಹೂ ಚುಚ್ಚಿದಂಗ ಚುಚ್ಚಾಕತ್ತಿ. ಹೂ ನಾಳೆ ಸಾಯೂದು, ಅದನ್ನ ಹೆಂಗ ಚುಚ್ಚಿದ್ರೂ ನಡಿತೈತಿ. ಇದು ಬದುಕಬೇಕಲ್ಲ.”

ಖುರ್ಷಿದಾ ಕೆಸರಿನ ಕೈಯಿಂದ ಮುಂದಿನ ಸಸಿ ತೆಗೆದುಕೊಂಡಳು. “ಎಷ್ಟು ಆಳ ಇರಬೇಕು?” ಎಂದು ಕೇಳಿದಳು.

ಗಾಳೆಮ್ಮ ತನ್ನ ತೋರುಬೆರಳು ಎತ್ತಿ, ಮೊದಲ ಗೆಣ್ಣಿನ ಮೇಲೆ ಹೆಬ್ಬೆರಳಿಟ್ಟು ತೋರಿಸಿದಳು.